ಕರುಣೆಯ ಬೆಟ್ಟ

ಊರಿನ ಮುದುಕರು ಈಗಲೂ ಇದನ್ನು ಬೆಟ್ಟ ಅನ್ನುತ್ತಾರೆ.
ಕರುಣೆಯ ಬೆಟ್ಟ. ಹತ್ತಲು ಮೆಟ್ಟಿಲು ಮೂರೇ ಮೂರು.
ದೂರದಿಂದ ನುಣ್ಣಗೆ ಕಂಡಿತೋ ಏನೋ,
ಹತ್ತಿರ ಬಂದವರ ಕಂಕುಳಲ್ಲಿ ಗಂಟೊಂದು ಇರುತ್ತಿತ್ತು.
ಮದುವೆಯ ದುಪ್ಪಟಿ, ತಾಮ್ರದ ಹಂಡೆ,
ಸೆಕೆ ಶುರುವಾದರೆ ಉಣ್ಣೆಯ ಹಾಸಿಗೆ,
ಗಂಡ ಮೀನಿನ ಬಲೆಗೆ ಹೋಗುವ ಮುಂಚೆ
ಸೋಪು ಹಚ್ಚಿ ಕಳಚಿಟ್ಟ ಉಂಗುರ.

ಅಷ್ಟು ಕಾಲ ಒತ್ತೆ ಹಿಡಿದ ಕಟ್ಟಡ
ಈಗ ಚಿತ್ರಗಳನ್ನು ಹಿಡಿದಿದೆ.
ಏಳು ವರ್ಷ ರಿಪೇರಿ. ಮಿಲಾನಿನಿಂದ ಬಂದ ಎಂಜಿನಿಯರು
ಹದಿನಾಲ್ಕು ಪದರ ಸುಣ್ಣ ಕೆರೆಸಿ
ಕೊನೆಗೆ ಸಿಕ್ಕ ಅಂಗೈಯಗಲ ಹಳದಿಗೆ ಗಾಜು ಹಾಕಿಸಿದ.
ಬಾಗಿಲ ಪಕ್ಕದ ಕಿಟಕಿಯ ಕಂಬಿಗಳನ್ನು ಹಾಗೇ ಬಿಟ್ಟ.

ಆ ಕಿಟಕಿ ನನ್ನದು.
ಕೋಟು, ಕೊಡೆ, ಬೆನ್ನಿನ ಚೀಲ ಇಸಕೊಂಡು
ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಡುತ್ತೇನೆ.
ಬಿಲ್ಲೆಯೂ ಹಳೆಯದೇ. ನೆಲಮಾಳಿಗೆಯಲ್ಲಿ ಡಬ್ಬಗಟ್ಟಲೆ ಸಿಕ್ಕವಂತೆ,
ನಿಂಬೆರಸ ಹಾಕಿ ತಿಕ್ಕಿಸಿದರು.
ನಾನದನ್ನು ಯೋಚಿಸಿರಲಿಲ್ಲ
ಫೆಬ್ರವರಿಯ ಆ ಮಂಗಳವಾರದವರೆಗೆ.

ಆಫ್ರಿಕದ ಗಾಳಿ ಬೀಸಿ
ತ್ರಾಪನಿಯ ಉಪ್ಪಿನ ಗುಡ್ಡೆಗಳೂ ಬೆವರಿದ ದಿನ.
ಅವಳ ಮೈಮೇಲೆ ಮೊಣಕಾಲಿನವರೆಗೆ ಕಂದು ಕೋಟು.
ವೆನೆರಾ ಸ್ಕಲಬ್ರೀನೊ, ಎಂಬತ್ತಮೂರು,
ಹಿರಿಯರ ರಿಯಾಯಿತಿ ಟಿಕೆಟು.

ಕೋಟು ಕೊಡಿ ಅಮ್ಮಾ, ಎಂದೆ.
ಕೊಡಲಿಲ್ಲ. ಕಂಬಿ ಹಿಡಿದು ಇಣುಕಿದಳು,
ನನ್ನ ಬೆನ್ನ ಹಿಂದಿನ ಕೊಕ್ಕೆಗಳನ್ನೆಲ್ಲ
ಹಾಜರಿ ಕರೆಯುವವಳಂತೆ ನೋಡಿದಳು.
"ಇಲ್ಲೊಬ್ಬ ಮೀಸೆಯವನು ಕೂರುತ್ತಿದ್ದ.
ಹಾಸಿಗೆ ಮೂಸಿ ಬೆಲೆ ಕಟ್ಟುತ್ತಿದ್ದ."

ಕೋಟು ತೊಟ್ಟೇ ಒಳಗೆ ನಡೆದಳು. ನಿಯಮ ಹಾಗಿಲ್ಲ.
ಕಿಟಕಿ ಬಿಟ್ಟು ನಾನೂ ಹಿಂದೆ ಹೋದೆ.
ಅದೂ ನಿಯಮವಲ್ಲ.

ಹವಳದ ಶಿಲುಬೆಗಳ ಮುಂದೆ ನಿಲ್ಲಲಿಲ್ಲ.
ತನ್ನ ಎರಡು ಕಣ್ಣು ತಾನೇ ತಟ್ಟೆಯಲ್ಲಿ ಹಿಡಿದು ನಿಂತ
ಸಂತ ಲೂಚಿಯಾಳನ್ನು ಕಂಡು
"ಅಯ್ಯೋ, ಇವಳಿಗೆಷ್ಟು ಕೊಟ್ಟನೋ" ಅಂದಳು.
ನಾಲ್ಕನೇ ಕೋಣೆಯಲ್ಲಿ ನೀಲಿ ರೇಶಿಮೆಯ ಹೆಂಗಸು,
ಕೈಯಲ್ಲಿ ದಾಳಿಂಬೆ, ಮುಖದಲ್ಲಿ ಊಟದ ನಂತರದ ಬೇಸರ.
ಕೆಳಗಿನದನ್ನು ಓದು, ಕನ್ನಡಕ ತಂದಿಲ್ಲ, ಅಂದಳು.
ಓದಿದೆ:
ಬ್ಯಾರನ್ನನೊಬ್ಬ ಪತ್ನಿಯ ಚಿತ್ರವನ್ನು ಇಲ್ಲಿ ಒತ್ತೆ ಇಟ್ಟ.
ಬಿಡಿಸಿಕೊಂಡ ದಾಖಲೆ ಇಲ್ಲ.

ನಕ್ಕಳು. ಬೆಂಚಿನ ಮೇಲೆ ಕುಸಿದು ಕೂತು
ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.
ಕಾವಲಿನವಳು ತುಟಿಗೆ ಬೆರಳಿಟ್ಟಳು.
"ನಮ್ಮದು ಗಡುವು ದಾಟಿದ ಮರುದಿನವೇ ಹರಾಜು.
ಇವಳನ್ನು ನೋಡು, ಇನ್ನೂರು ವರ್ಷ ಕಾದಿದ್ದಾರೆ."

ಆಮೇಲೆ, ಚಿತ್ರಕ್ಕೆ ಹೇಳುವಂತೆ, ಹೇಳಿದಳು.
ಅಮ್ಮ ಏಪ್ರಿಲ್ಲಿಗೆ ಕೋಟು ತಂದಿಡುತ್ತಿದ್ದಳು,
ಅಕ್ಟೋಬರಿಗೆ ಬಿಡಿಸುತ್ತಿದ್ದಳು.
ನುಸಿ ಹತ್ತದಂತೆ ಇಲ್ಲಿ ಕರ್ಪೂರ ಇಡುತ್ತಿದ್ದರು,
ನಮ್ಮ ಮನೆಗಿಂತ ಕೋಟಿಗೆ ಇಲ್ಲೇ ಸುಖ.
ಒಂದು ವರ್ಷ ಅಕ್ಟೋಬರು ಬರಲಿಲ್ಲ.

ಇನ್ನೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.
ಕಿಟಕಿಗೆ ಮರಳಿದಾಗ
ಒಂದೊಂದೇ ಗುಂಡಿ ಬಿಚ್ಚಿ,
ತೋಳುಗಳನ್ನು ಒಳಗೆ ಮಡಚಿ,
ಕಂಬಿಯ ಸಂದಿಯಿಂದ ಕೋಟನ್ನು ನೂಕಿದಳು.
ಅರವತ್ತೊಂದನೇ ಬಿಲ್ಲೆ ಕೊಟ್ಟೆ.

ಹೊರಗೆ ಹೋಗಿ ಮೂರನೇ ಮೆಟ್ಟಿಲ ಮೇಲೆ ನಿಂತಳು,
ತೆಳು ರವಿಕೆಯಲ್ಲಿ, ಆ ಬಿಸಿಗಾಳಿಯಲ್ಲಿ.
ಗಂಟೆ ಹನ್ನೊಂದು ಹೊಡೆಯಿತು. ಬಸ್ಸೊಂದು ಬಂತು, ಹೋಯಿತು.
ಒಳಗೆ ಬಂದಳು. ಬಿಲ್ಲೆ ತೋರಿಸಿದಳು.

ಬಡ್ಡಿ?
ಇಲ್ಲ.
ಏನೂ?
ಏನೂ ಇಲ್ಲ ಅಮ್ಮಾ.

ಜೇಬು ನೋಡಿದಳು, ಹೊಲಿಗೆ ನೋಡಿದಳು,
ಕೊರಳಪಟ್ಟಿಯನ್ನು ಮೀಸೆಯವನಂತೆ ಮೂಸಿದಳು.
ತೊಟ್ಟು ಕೊನೆಯ ಗುಂಡಿಯವರೆಗೆ ಹಾಕಿಕೊಂಡು
ಹೋದಳು, ಮುಷ್ಟಿ ಬಿಗಿಹಿಡಿದು.

ಸಂಜೆಯ ಲೆಕ್ಕದಲ್ಲಿ ಬಿಲ್ಲೆ ಒಂದು ಕಮ್ಮಿ.
ಕಳೆದಿದೆ, ಎಂದು ಬರೆದೆ.
ಅರವತ್ತೊಂದರ ಕೊಕ್ಕೆಗೆ ಈಗ
ನನ್ನದೇ ಕೋಟು ಹಾಕುತ್ತೇನೆ.